ಗರ್ಭಿಣಿಗೆ ರಾತ್ರಿ ಮೂಗು ಕಟ್ಟಿದರೆ ಡ್ರಾಪ್ಸ್ ಹಾಕಬಹುದೇ?

ಐದು ತಿಂಗಳು ತುಂಬಿದೆ, ಜ್ವರವಾಗಲಿ ಕೆಮ್ಮಾಗಲಿ ಇಲ್ಲ, ಆದರೂ ಕೆಲವು ವಾರಗಳಿಂದ ಮಲಗಿದೊಡನೆ ಎರಡೂ ಹೊಳ್ಳೆಗಳು ಕಟ್ಟಿಕೊಂಡು ಬಾಯಿಂದ ಉಸಿರಾಡಬೇಕಾಗಿದೆ ಎಂದು ದಾವಣಗೆರೆಯಿಂದ ಬರೆದಿದ್ದೀರಿ. ಕರ್ಪೂರ ಹಾಕಿ ಹಬೆ ತೆಗೆದುಕೋ ಎನ್ನುವ ಅತ್ತೆಯವರ ಮಾತು ಕೇಳಲೇ, ಪತಿ ಮೆಡಿಕಲ್ ಸ್ಟೋರಿನಿಂದ ತಂದ ಡ್ರಾಪ್ಸ್ ಹಾಕಿಕೊಳ್ಳಲೇ ಎಂಬುದು ನಿಮ್ಮ ಪ್ರಶ್ನೆ. ನಾನು ಚಿತ್ರದುರ್ಗದಲ್ಲಿ ಔಷಧ ಅಂಗಡಿ ನಡೆಸುವ ಫಾರ್ಮಸಿಸ್ಟ್. ನಮ್ಮಲ್ಲಿಗೆ ಬರುವವರು ಅನೇಕ ಸಲ ಗರ್ಭಿಣಿಯಲ್ಲ, ಆಕೆಯ ಗಂಡ ಅಥವಾ ತಮ್ಮ. "ನೆಗಡಿಗೆ ಏನಾದರೂ ಕೊಡಿ" ಎಂದು ಕೇಳುತ್ತಾರೆಯೇ ಹೊರತು ಔಷಧ ಯಾರಿಗೆಂದು ಹೇಳುವುದಿಲ್ಲ. ಆದ್ದರಿಂದ ಮೊದಲು ಆ ಬಾಟಲಿಯ ವಿಷಯ.

ಅದರ ಮೇಲೆ ಕ್ಸೈಲೋಮೆಟಜೋಲಿನ್ ಅಥವಾ ಆಕ್ಸಿಮೆಟಜೋಲಿನ್ ಎಂದಿದ್ದರೆ, ವೈದ್ಯರನ್ನು ಕೇಳದೆ ಹಾಕಿಕೊಳ್ಳಬೇಡಿ. ಇವು ಮೂಗಿನೊಳಗಿನ ರಕ್ತನಾಳಗಳನ್ನು ಕುಗ್ಗಿಸುವುದರಿಂದ ನಿಮಿಷಗಳಲ್ಲಿ ಉಸಿರು ಸರಾಗವಾಗುತ್ತದೆ. ಆದರೆ ಮೂರರಿಂದ ಐದು ದಿನಗಳಿಗಿಂತ ಹೆಚ್ಚು ಬಳಸಿದರೆ ಔಷಧದ ಪ್ರಭಾವ ಇಳಿದಾಗಲೆಲ್ಲ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ, ಆಗ ಮತ್ತೆ ಡ್ರಾಪ್ಸ್ ಬೇಕಾಗುತ್ತದೆ. ನಾಲ್ಕು ದಿನದ ನೆಗಡಿಗೆ ಇದು ಅಷ್ಟು ತೊಂದರೆ ಕೊಡದು. ನಿಮ್ಮದು ಹೆರಿಗೆಯವರೆಗೂ ಮುಂದುವರಿಯಬಹುದಾದ ಮೂಗುಕಟ್ಟು. ಅದಕ್ಕೆ ಇಂತಹ ಔಷಧವನ್ನು ರೂಢಿ ಮಾಡಿಕೊಳ್ಳಬಾರದು.

ಸೋಂಕಾಗಲಿ ಅಲರ್ಜಿಯಾಗಲಿ ಇಲ್ಲದೆ ಗರ್ಭಾವಸ್ಥೆಯಲ್ಲಿ ಆರು ವಾರ ಅಥವಾ ಹೆಚ್ಚು ಕಾಲ ಮೂಗು ಕಟ್ಟಿರುವುದು ವೈದ್ಯರಿಗೆ ಪರಿಚಿತವಾದ ಸ್ಥಿತಿ. ಸುಮಾರು ಐವರು ಗರ್ಭಿಣಿಯರಲ್ಲಿ ಒಬ್ಬರಿಗೆ ಬರುತ್ತದೆ. ಈ ಕಾಲದಲ್ಲಿ ಏರುವ ಹಾರ್ಮೋನುಗಳಿಂದಲೂ, ದೇಹದಲ್ಲಿ ಹರಿಯುವ ರಕ್ತದ ಪ್ರಮಾಣ ಹೆಚ್ಚುವುದರಿಂದಲೂ ಮೂಗಿನ ಒಳಪದರ ಊದಿಕೊಳ್ಳುತ್ತದೆ ಎಂಬುದು ಸಾಮಾನ್ಯ ವಿವರಣೆ. ಮಲಗಿದಾಗ ರಕ್ತ ತಲೆಯ ಕಡೆಗೆ ಹೆಚ್ಚು ನುಗ್ಗುವುದರಿಂದ ರಾತ್ರಿ ಕಷ್ಟ ಹೆಚ್ಚು. ಇದು ಮಗುವಿಗೆ ನೇರವಾಗಿ ತೊಂದರೆ ಕೊಡುವುದಿಲ್ಲ ಮತ್ತು ಹೆರಿಗೆಯಾದ ಎರಡು ವಾರಗಳೊಳಗೆ ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ.

ನಾನು ಮೊದಲು ಕೊಡುವುದು ಬರೀ ಉಪ್ಪುನೀರು. ಸಲೈನ್ ನೇಸಲ್ ಡ್ರಾಪ್ಸ್ ಅಥವಾ ಸ್ಪ್ರೇ ಎಂದು ಕೇಳಿ. ಲೇಬಲ್ಲಿನಲ್ಲಿ ಸಾಮಾನ್ಯವಾಗಿ ಸೋಡಿಯಂ ಕ್ಲೋರೈಡ್ ಶೇ 0.65 ಎಂದಿರುತ್ತದೆ, ರಕ್ತನಾಳ ಕುಗ್ಗಿಸುವ ಯಾವ ಔಷಧವೂ ಜೊತೆಗೆ ಇರಬಾರದು. ಇದನ್ನು ದಿನಕ್ಕೆ ಹಲವು ಬಾರಿ, ತಿಂಗಳುಗಟ್ಟಲೆ ಬಳಸಿದರೂ ಭಯವಿಲ್ಲ. ಮನೆಯಲ್ಲೇ ಮೂಗು ತೊಳೆಯುವುದಾದರೆ ಒಂದು ಲೋಟ, ಅಂದರೆ ಸುಮಾರು 240 ಮಿಲಿ ನೀರಿಗೆ ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪನ್ನೂ, ಉರಿಯದಿರಲು ಚಿಟಿಕೆ ಅಡುಗೆ ಸೋಡಾವನ್ನೂ ಹಾಕಿ ಕರಗಿಸಿ. ಆ ನೀರನ್ನು ಮೊದಲು ಚೆನ್ನಾಗಿ ಕುದಿಸಿ ಆರಿಸಿರಲೇಬೇಕು. ನಮ್ಮ ಕಡೆ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರನ್ನು ಎಲ್ಲದಕ್ಕೂ ನಂಬುವ ರೂಢಿಯಿದೆ. ಕುಡಿಯಲು ಸರಿಯಾದ ನೀರೂ ಮೂಗಿನೊಳಗೆ ಹೋಗುವ ಮುನ್ನ ಕುದಿಯಬೇಕು, ಏಕೆಂದರೆ ಹೊಟ್ಟೆ ಸೇರಿದರೆ ಏನೂ ಮಾಡದ ಕೆಲವು ಸೂಕ್ಷ್ಮಜೀವಿಗಳು ಮೂಗಿನ ಮೂಲಕ ಮೆದುಳಿಗೆ ಹೋಗಬಲ್ಲವು. ಇದು ತೀರಾ ಅಪರೂಪ, ಆದರೆ ಪ್ರಾಣಾಂತಿಕ.

ಹಬೆಗೆ ಅತ್ತೆಯವರು ಹೇಳಿದ್ದನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ, ಕರ್ಪೂರವನ್ನು ಮಾತ್ರ ಬಿಡಿ. ಹೊಟ್ಟೆ ಬಂದಿರುವಾಗ ಕುದಿಯುವ ಪಾತ್ರೆಯ ಮೇಲೆ ಕಂಬಳಿ ಹೊದ್ದು ಬಾಗುವುದು ಬೇಡ, ಪಾತ್ರೆ ಉರುಳಿದರೆ ತೊಡೆ ಹೊಟ್ಟೆ ಸುಟ್ಟೀತು. ಬಿಸಿನೀರಿನ ಸ್ನಾನಕ್ಕೆ ಹೋದಾಗ ಬಚ್ಚಲಲ್ಲಿ ತುಂಬುವ ಹಬೆಯೇ ಸಾಕು. ಮಲಗುವಾಗ ದಿಂಬುಗಳನ್ನು ಪೇರಿಸಿದರೆ ಕುತ್ತಿಗೆ ಮಡಚಿ ನೋವು ಬರಬಹುದು. ಬದಲಿಗೆ ಮಂಚದ ತಲೆಯ ಕಡೆಯ ಕಾಲುಗಳಿಗೆ ಗಟ್ಟಿಯಾದ ಮರದ ತುಂಡು ಕೊಟ್ಟು ಎತ್ತರಿಸಿ, ಎಡಮಗ್ಗುಲಾಗಿ ಮಲಗಿ. ಮನೆಯ ಹತ್ತಿರ ಮಂಡಕ್ಕಿ ಭಟ್ಟಿಯ ಹೊಗೆ ಬರುತ್ತಿದ್ದರೆ, ಮೆಕ್ಕೆಜೋಳ ಒಕ್ಕುವ ದೂಳು ಏಳುತ್ತಿದ್ದರೆ, ಆ ಹೊತ್ತಿನಲ್ಲಿ ಕಿಟಕಿ ಮುಚ್ಚಿಡಿ. ಕೋಣೆಯೊಳಗೆ ಸೊಳ್ಳೆ ಬತ್ತಿಯನ್ನೂ ಸಾಂಬ್ರಾಣಿಯನ್ನೂ ಹಚ್ಚಬೇಡಿ.

ನೆಗಡಿ ಮಾತ್ರೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಒಂದೇ ಗುಳಿಗೆಯಲ್ಲಿ ಪ್ಯಾರಾಸಿಟಮಾಲ್ ಜೊತೆಗೆ ಫಿನೈಲೆಫ್ರಿನ್, ಕ್ಲೋರ್‌ಫೆನಿರಮಿನ್, ಕೆಲವದರಲ್ಲಿ ಕೆಫೀನ್ ಕೂಡ ಇರುತ್ತವೆ. ರಕ್ತದೊತ್ತಡ ಏರಿಸಬಲ್ಲ ಫಿನೈಲೆಫ್ರಿನ್ ನುಂಗಿದರೆ ಮೂಗು ಬಿಡುವ ಭರವಸೆಯೂ ಇಲ್ಲ. ಐಬುಪ್ರೊಫೇನ್ ಇರುವ ಮಾತ್ರೆ 20 ವಾರ ದಾಟಿದ ನಿಮಗೆ ಬೇಡವೇ ಬೇಡ. ಕಷಾಯಕ್ಕೆ ಅಡುಗೆಯಲ್ಲಿ ಬಳಸುವಷ್ಟು ಶುಂಠಿ, ಮೆಣಸು ಹಾಕಿದರೆ ಅಡ್ಡಿಯಿಲ್ಲ. ರಕ್ತದೊತ್ತಡ ಏರಿಸುವ ಜ್ಯೇಷ್ಠಮಧು ಮಾತ್ರ ಅದರಲ್ಲಿ ಇರಬಾರದು. ಉಪ್ಪುನೀರಿನಿಂದ ಸಾಲದಿದ್ದರೆ ವೈದ್ಯರು ಮೂಗಿನ ಊತ ಇಳಿಸುವ ಬುಡೆಸೊನೈಡ್‌ನಂತಹ ಸ್ಪ್ರೇ ಬರೆಯಬಹುದು, ಅಲರ್ಜಿ ಕಂಡರೆ ಸೆಟಿರಿಜಿನ್ ಕೊಡಬಹುದು. ಅದು ಅವರ ಚೀಟಿಯ ಮೇಲೆಯೇ ಆಗಲಿ.

ಜ್ವರ ಬಂದು ಕೆನ್ನೆ ಹಣೆ ನೋಯುತ್ತಾ ಹಳದಿ ಹಸಿರು ಸಿಂಬಳ ಬಂದರೆ, ಇಲ್ಲವೇ ಉಬ್ಬಸವಾದರೆ ಕಾಯಬೇಡಿ. ಹೊಸದಾಗಿ ಜೋರು ಗೊರಕೆ ಶುರುವಾಗಿದ್ದರೂ ವೈದ್ಯರಿಗೆ ಹೇಳಿ, ಅದಕ್ಕೂ ಗರ್ಭಿಣಿಯರ ಬಿಪಿಗೂ ಸಂಬಂಧ ಕಂಡುಬಂದಿದೆ. ಎಲ್ಲಕ್ಕಿಂತ ಮುಖ್ಯವಾಗಿ, ತೀವ್ರ ತಲೆನೋವಿನ ಜೊತೆ ಕಣ್ಣು ಮಂಜಾಗುವುದೋ ಮುಖ ಕೈ ಊದುವುದೋ ಕಂಡರೆ ಅದನ್ನು ಮೂಗು ಕಟ್ಟಿದ್ದರ ತಲೆನೋವೆಂದು ಭಾವಿಸಿ ಮನೆಯಲ್ಲಿ ಕೂರದೆ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ ಬಿಪಿ ನೋಡಿಸಿ.

ಡ್ರಾಪ್ಸ್ ಈಗಾಗಲೇ ಕೆಲವು ದಿನ ಹಾಕಿದ್ದರೆ ಮೊದಲು ಒಂದು ಹೊಳ್ಳೆಗೆ ನಿಲ್ಲಿಸಿ ಅಲ್ಲಿ ಉಪ್ಪುನೀರು ಬಳಸಿ, ಅದು ತೆರೆದ ಮೇಲೆ ಇನ್ನೊಂದಕ್ಕೂ ನಿಲ್ಲಿಸಿ. ಮುಂದಿನ ತಪಾಸಣೆಗೆ ಹೋಗುವಾಗ ತಾಯಿ ಕಾರ್ಡಿನ ಜೊತೆ ಆ ಬಾಟಲಿಯನ್ನೂ ತೆಗೆದುಕೊಂಡು ಹೋಗಿ ತೋರಿಸಿ.