ಮೆಚ್ಚಿನ ಪುಸ್ತಕಗಳ ಪಟ್ಟಿಯಿಂದ ಯಾವುದನ್ನೂ ತೆಗೆಯಬೇಡಿ

'ಕರ್ವಾಲೊ', 'ಪರ್ವ', 'ಶರಪಂಜರ', ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು, 'ಮಂಕುತಿಮ್ಮನ ಕಗ್ಗ'. ಇವಿಷ್ಟೂ ನಿಮ್ಮ ಮೆಚ್ಚಿನ ಪುಸ್ತಕಗಳು. ಇದನ್ನು ನೋಡಿದ ಓದುಗರ ಬಳಗದವರು ನಿಮಗೆ ಅಭಿರುಚಿಯೇ ಕುದುರಿಲ್ಲ ಎಂದಿದ್ದಾರೆ. ಗಂಭೀರ ಓದುಗರಾಗಬೇಕಾದರೆ ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ, ಪತ್ತೇದಾರಿಗಳನ್ನೆಲ್ಲ ಮಾರಿಬಿಡಲೇ ಎಂದು ಕೇಳಿದ್ದೀರಿ. ಮಾರಬೇಡಿ. ಕಾಲೇಜಿನಲ್ಲಿದ್ದಾಗ ಇದೇ ಪ್ರಶ್ನೆ ನನ್ನ ತಲೆಯಲ್ಲೂ ಕೂತಿತ್ತು. ನಾನು ಯಾರನ್ನೂ ಕೇಳದೆ ಮಾರಿಬಿಟ್ಟೆ.

ನಮ್ಮದು ತಿಪಟೂರು. ಮಧ್ಯಾಹ್ನದ ಊಟ ಮುಗಿದು, ತೊಳೆದ ಪಾತ್ರೆ ಕವುಚಿಟ್ಟ ಮೇಲೆ ಅಮ್ಮ ಬಾಗಿಲ ಬೆಳಕಿಗೆ ಕುಳಿತು ಓದುತ್ತಿದ್ದಳು. 'ಸುಧಾ', 'ಪ್ರಜಾಮತ' ಮನೆಗೆ ಬರುತ್ತಿದ್ದವು. ಅವುಗಳಲ್ಲಿ ಬರುವ ಧಾರಾವಾಹಿಯ ಪುಟಗಳನ್ನು ವಾರ ವಾರ ಬಿಡಿಸಿ ಜೋಡಿಸಿಡುತ್ತಿದ್ದಳು. ಕಂತು ಮುಗಿದ ಮೇಲೆ ದಬ್ಬಣದಿಂದ ತೂತು ಮಾಡಿ, ದಪ್ಪ ದಾರದಲ್ಲಿ ಹೊಲಿದು, ಬೆನ್ನಿಗೆ ಮೈದಾ ಅಂಟು ಬಳಿದು, ಹಳೆಯ ಕ್ಯಾಲೆಂಡರಿನ ಹಾಳೆಯನ್ನು ರಟ್ಟಿನ ಮೇಲೆ ಹೊದಿಸುತ್ತಿದ್ದಳು. ಬೀದಿಯ ಹೆಂಗಸರು ಅವನ್ನು ಕೇಳಿ ತೆಗೆದುಕೊಂಡು ಹೋಗಿ ಓದುತ್ತಿದ್ದರು. ಪುಟದ ಅಂಚಿನಲ್ಲಿ ಅಮ್ಮನ ಪೆನ್ಸಿಲ್ ಬರಹ ಇರುತ್ತಿತ್ತು: 'ಇವನ ಮಾತು ನಂಬುವ ಹಾಗಿಲ್ಲ', 'ಈ ಹುಡುಗಿಗೆ ಮುಂದೆ ಕಷ್ಟವಿದೆ'. ಮುಂದಿನ ಕಂತಿನಲ್ಲಿ ತನ್ನ ಊಹೆ ತಪ್ಪಾದರೆ ಅದನ್ನು ಅಳಿಸುತ್ತಿರಲಿಲ್ಲ, ಪಕ್ಕದಲ್ಲಿ ಒಂದು ಗೆರೆ ಎಳೆಯುತ್ತಿದ್ದಳು. ತ್ರಿವೇಣಿ, ಎಂ.ಕೆ. ಇಂದಿರಾ, ಬೀಚಿ, ನರಸಿಂಹಯ್ಯ ಎಲ್ಲರೂ ಆ ಗೂಡಿನಲ್ಲಿ ಒಟ್ಟಿಗೇ ಇದ್ದರು. ನಾನು ಕನ್ನಡವನ್ನು ಸರಾಗವಾಗಿ ಓದಲು ಕಲಿತದ್ದು ಪಠ್ಯಪುಸ್ತಕದಿಂದಲ್ಲ, ಆ ಗೂಡಿನಿಂದ.

ಮೈಸೂರಿಗೆ ಓದಲು ಹೋದೆ. ಅಲ್ಲಿ ಸಂಜೆ ಸೇರುವ ಗೆಳೆಯರ ಗುಂಪು ಸಿಕ್ಕಿತು. ಎಲ್ಲರೂ ನನಗಿಂತ ಹೆಚ್ಚು ಓದಿದವರು, ಚೆನ್ನಾಗಿ ಮಾತನಾಡುವವರು. ಒಮ್ಮೆ 'ನಿನ್ನ ಮೆಚ್ಚಿನ ಪುಸ್ತಕ ಯಾವುದು?' ಎಂದು ಕೇಳಿದರು. ನಾನು ಬಾಯಿಗೆ ಬಂದಂತೆ ಒಂದು ಪತ್ತೇದಾರಿ ಕಾದಂಬರಿಯ ಹೆಸರು ಹೇಳಿದೆ. ಯಾರೂ ಬೈಯಲಿಲ್ಲ. ಮಾತು ಬೇರೆ ಕಡೆಗೆ ತಿರುಗಿತು, ಆಮೇಲೆ ಯಾರೂ ನನ್ನ ಅಭಿಪ್ರಾಯ ಕೇಳಲಿಲ್ಲ. ಮಹಾಭಾರತದ ಕಥೆಯನ್ನು ಹೊಸದಾಗಿ ಹೇಳುವ ಭೈರಪ್ಪನವರ 'ಪರ್ವ'ದ ಬಗ್ಗೆ ಅವರು ಗಂಟೆಗಟ್ಟಲೆ ಮಾತನಾಡುವಾಗ ಮೊದಲ ಕೆಲವು ಅಧ್ಯಾಯ ಮಾತ್ರ ಓದಿದ್ದ ನಾನು ತಲೆಯಾಡಿಸುತ್ತಿದ್ದೆ.

ಆ ವರ್ಷ ಯುಗಾದಿಗೆ ಮನೆಗೆ ಸುಣ್ಣ ಬಳಿಯಬೇಕಾಗಿತ್ತು. ಗೂಡು ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹಳೆಯ ಪೇಪರಿನವನನ್ನು ಕರೆದು ಅಮ್ಮ ಹೊಲಿದಿಟ್ಟದ್ದನ್ನೆಲ್ಲ ತೂಕಕ್ಕೆ ಹಾಕಿದೆ. ರಟ್ಟು ಬೇಡ ಎಂದು ಅವನು ಕ್ಯಾಲೆಂಡರಿನ ಹೊದಿಕೆಗಳನ್ನು ಕಿತ್ತು ಅಲ್ಲೇ ಬಿಟ್ಟು ಹೋದ. ಅಮ್ಮ ನೆಂಟರ ಮನೆಯಿಂದ ಬಂದು ನೋಡಿದಳು. 'ಹೋಗಲಿ ಬಿಡು, ಧೂಳು ಕೂತಿತ್ತು' ಎಂದಳು. ಅಂದಿನಿಂದ ಅವಳು ನನ್ನ ಜೊತೆ ಕಥೆ, ಕಾದಂಬರಿಯ ಮಾತೆತ್ತುವುದನ್ನು ನಿಲ್ಲಿಸಿದಳು. ಓದುವುದನ್ನು ನಿಲ್ಲಿಸಲಿಲ್ಲ, ನಾನು ಕೋಣೆಗೆ ಬಂದರೆ ಪುಸ್ತಕ ಮುಚ್ಚಿ, 'ಏನು ಬೇಕು?' ಎಂದು ಕೇಳುತ್ತಿದ್ದಳು.

ನನ್ನ ತಪ್ಪು ಎಲ್ಲಿತ್ತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಈಗ ಅದೇ ಮೆಟ್ಟಿಲ ಮೇಲೆ ನಿಂತಿದ್ದೀರಿ. ಹಗುರವಾದದ್ದನ್ನು ಬಿಟ್ಟರೆ ಗಂಭೀರವಾದದ್ದಕ್ಕೆ ಜಾಗವಾಗುತ್ತದೆ ಎಂದು ನಾನು ನಂಬಿದ್ದೆ. ಜಾಗವೇನೋ ಆಯಿತು, ಅಲ್ಲಿಗೆ ಏನೂ ಬರಲಿಲ್ಲ. ಗೂಡಿನಲ್ಲಿ ದೊಡ್ಡ ದೊಡ್ಡ ಕಾದಂಬರಿಗಳನ್ನು ತಂದಿಟ್ಟೆ. ಓದಲು ಕುಳಿತರೆ ಪ್ರತಿ ಪುಟದಲ್ಲೂ ಗೆಳೆಯರ ಗುಂಪು ಕಣ್ಣ ಮುಂದೆ ಬರುತ್ತಿತ್ತು. ಇದರ ಬಗ್ಗೆ ಏನು ಹೇಳಬೇಕು, ಹೇಗೆ ಹೇಳಿದರೆ ಮೆಚ್ಚುತ್ತಾರೆ ಎಂಬ ಯೋಚನೆಯಲ್ಲಿ ಕಥೆ ತಪ್ಪಿಹೋಗುತ್ತಿತ್ತು. ಕೆಲಸಕ್ಕೆ ಸೇರಿದ ಮೇಲೆ ಗುಂಪು ಚದುರಿತು, ಅದರ ಜೊತೆಗೆ ನನ್ನ ಓದೂ ನಿಂತಿತು. ವರ್ಷಗಟ್ಟಲೆ ದಿನಪತ್ರಿಕೆ ಬಿಟ್ಟು ಏನನ್ನೂ ಓದಲಿಲ್ಲ. ಪತ್ತೇದಾರಿ ಕಾದಂಬರಿಯಿಂದ ನನಗೆ ಬಂದಿದ್ದ ಒಂದೇ ಒಂದು ಒಳ್ಳೆಯ ಅಭ್ಯಾಸವೆಂದರೆ ಮುಂದೇನಾಯಿತು ಎಂದು ತಿಳಿಯದೆ ಪುಸ್ತಕ ಕೆಳಗಿಡದಿರುವುದು. 'ಪರ್ವ'ದಂಥ ಪುಸ್ತಕ ಓದಲು ಬೇಕಾಗಿದ್ದದ್ದೂ ಅದೇ ಅಭ್ಯಾಸ. ಅದನ್ನೇ ನಾನು ತೂಕಕ್ಕೆ ಹಾಕಿದ್ದೆ.

ಇನ್ನೊಂದು ನಷ್ಟ ಆಮೇಲೆ ತಿಳಿಯಿತು. ಅಮ್ಮನ ಧಾರಾವಾಹಿಗಳಲ್ಲಿ ಕೆಲವು ಪುಸ್ತಕವಾಗಿ ನನ್ನ ಕಣ್ಣಿಗೆ ಎಲ್ಲೂ ಬಿದ್ದಿಲ್ಲ. ಗ್ರಂಥಾಲಯಗಳಲ್ಲಿ ವಾರಪತ್ರಿಕೆಯ ಹಳೆಯ ಸಂಚಿಕೆಗಳನ್ನು ಹುಡುಕಿ ತೆಗೆಸಿದೆ. ಬೇಕಾಗಿದ್ದ ಪುಟಗಳನ್ನೇ ಯಾರೋ ಬ್ಲೇಡಿನಿಂದ ನೀಟಾಗಿ ಕತ್ತರಿಸಿಕೊಂಡು ಹೋಗಿದ್ದರು. ನಮ್ಮಮ್ಮನಂಥವರು ಪ್ರತಿ ಊರಿನಲ್ಲೂ ಇದ್ದರು.

ಓದು ನನಗೆ ಮರಳಿ ಸಿಕ್ಕಿದ್ದು ಚಿಕ್ಕಮಗಳೂರಿಗೆ ವರ್ಗವಾದಾಗ. ಬಾಡಿಗೆ ಮನೆಯ ಯಜಮಾನರ ಹತ್ತಿರ ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' ಇತ್ತು. ಮಳೆಗಾಲ, ಸಂಜೆಯ ನಂತರ ಕರೆಂಟಿನ ಭರವಸೆ ಇಲ್ಲದ ಊರು. ಹೊತ್ತು ಕಳೆಯಲೆಂದು ತೆಗೆದುಕೊಂಡೆ. ಏಲಕ್ಕಿ ಬೆಳೆ ಕುಸಿದದ್ದೇಕೆ, ವಿಜ್ಞಾನಿ ಜೋಗಿಹಾಳರು ಸತ್ತದ್ದು ಹೇಗೆ ಎಂದು ಪತ್ತೆ ಮಾಡಲು ಕೆಸರೂರಿಗೆ ಬರುವ ಶಾಮನಂದನ ಅಂಗಡಿ ಎಂಬವನ ಹಿಂದೆ ನಾನೂ ಹೊರಟೆ. ಸಾವಿನ ಗುಟ್ಟನ್ನು ಹುಡುಕುತ್ತ ಹೋದಂತೆ ಊರಿನ ಜಾತಿ ಜಗಳ, ಹದಿಹರೆಯದವರ ಪ್ರೇಮ, ಕಾಡಿಗೆ ಬಂದ ಗತಿ ಎಲ್ಲವೂ ಒಂದಕ್ಕೊಂದು ಗಂಟು ಬಿದ್ದಿರುವುದು ಕಾಣತೊಡಗಿತು. ಒಂದು ತನಿಖೆಯ ಎಳೆ ಹಿಡಿದು ಇಡೀ ಊರನ್ನು ತೋರಿಸಿದ ಈ ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಪತ್ತೇದಾರಿ ಒಂದು ಕಡೆ, ಗಂಭೀರ ಸಾಹಿತ್ಯ ಇನ್ನೊಂದು ಕಡೆ ಎಂದು ನಾನು ಎಳೆದುಕೊಂಡಿದ್ದ ಗೆರೆಯನ್ನು ತೇಜಸ್ವಿ ಎಂದೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ತೇಜಸ್ವಿಯವರ ಪುಸ್ತಕಗಳನ್ನೇ ಸಾಲಾಗಿ ಜೋಡಿಸಿ ನೋಡಿ. ಹಾರುವ ಓತಿಯನ್ನು ಹುಡುಕಿ ಹೊರಡುವ 'ಕರ್ವಾಲೊ', ಏಲಕ್ಕಿ ಮಾರಲು ಹೊರಟ ದಂಪತಿ ಅಪಾಯಕ್ಕೆ ಸಿಕ್ಕಿಬೀಳುವ 'ಜುಗಾರಿ ಕ್ರಾಸ್', ಕೆನೆತ್ ಆಂಡರ್ಸನ್ನರ ಬೇಟೆಯ ಅನುಭವಗಳ ಕನ್ನಡ ರೂಪ, ಹಕ್ಕಿಗಳ ಪುಸ್ತಕಗಳು. ಇವರ ತಂದೆ 'ಮಲೆಗಳಲ್ಲಿ ಮದುಮಗಳು' ಬರೆದ ಕುವೆಂಪು. ಅಪ್ಪ ಮಗ ಇಬ್ಬರೂ ಮಲೆನಾಡನ್ನೇ ಬರೆದರು, ಒಬ್ಬರು ಬರೆದಂತೆ ಇನ್ನೊಬ್ಬರು ಬರೆಯಲಿಲ್ಲ. ಇನ್ನೊಂದು ಮನೆ ನೋಡಿ. ಡಿ.ವಿ. ಗುಂಡಪ್ಪನವರು ಕಗ್ಗ ಬರೆದರು. ಅವರ ಮಗ ಬಿ.ಜಿ.ಎಲ್. ಸ್ವಾಮಿ ಸಸ್ಯವಿಜ್ಞಾನಿಯಾಗಿ, ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಕಥೆಯನ್ನು 'ಹಸುರು ಹೊನ್ನು' ಎಂದು ಬರೆದರು, ಗಿಡಗಳ ಚಿತ್ರಗಳನ್ನೂ ತಾವೇ ಬಿಡಿಸಿದರು. ಶಿವರಾಮ ಕಾರಂತರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಯಾವ ಕಾದಂಬರಿಗೂ ಅಲ್ಲ, ಯಕ್ಷಗಾನ ಬಯಲಾಟದ ಅಧ್ಯಯನಕ್ಕೆ. ಮಕ್ಕಳಿಗಾಗಿ ವಿಶ್ವಕೋಶವನ್ನೂ ಅವರೇ ಬರೆದರು. ಬರೆಯುವವರೇ ಇಷ್ಟು ದಿಕ್ಕಿಗೆ ಓಡಾಡಿರುವಾಗ ಓದುವವರು ಮಾತ್ರ ಒಂದೇ ಓಣಿಯಲ್ಲಿ ಏಕೆ ನಡೆಯಬೇಕು?

ಹಾಗೆಂದು ಎಲ್ಲ ಪುಸ್ತಕವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಕೆಟ್ಟ ಪತ್ತೇದಾರಿ ಇದೆ, ಕೆಟ್ಟ ಮಹಾಕಾದಂಬರಿಯೂ ಇದೆ. ಆದರೆ ಪತ್ತೇದಾರಿಯನ್ನು ಪತ್ತೇದಾರಿಯಾಗಿಯೇ ತೂಗಿ ನೋಡಬೇಕು. ಸುಳಿವುಗಳನ್ನು ನಮ್ಮ ಕಣ್ಣೆದುರೇ ಇಟ್ಟು ನಮಗೆ ಕಾಣದ ಹಾಗೆ ಮಾಡಿದ್ದಾರೆಯೇ, ಇಲ್ಲವೇ ಕೊನೆಯ ಪುಟದಲ್ಲಿ ಎಲ್ಲಿಂದಲೋ ಒಬ್ಬ ಅಪರಾಧಿಯನ್ನು ತಂದು ನಿಲ್ಲಿಸಿದ್ದಾರೆಯೇ ಎಂದು ನೋಡಬೇಕು. ಅಮ್ಮ ಅಂಚಿನಲ್ಲಿ ಪೆನ್ಸಿಲಿನಿಂದ ಮಾಡುತ್ತಿದ್ದದ್ದು ಈ ವಿಮರ್ಶೆಯನ್ನೇ. 'ಪರ್ವ'ವನ್ನು ಓದುವಾಗ ಕೇಳಬೇಕಾದದ್ದು ಬೇರೆ: ಪವಾಡಗಳನ್ನೆಲ್ಲ ತೆಗೆದ ಮೇಲೂ ಕುಂತಿಯ, ದ್ರೌಪದಿಯ ಸಂಕಟ ಅಷ್ಟೇ ಆಳವಾಗಿ ಉಳಿದಿದೆಯೇ? ನನಗೆ ಉಳಿದಿದೆ ಅನ್ನಿಸಿತು. ನಿಮಗೆ ಅನ್ನಿಸದಿದ್ದರೆ ಏಕೆಂದು ಹೇಳುವ ಹಕ್ಕು ನಿಮಗಿದೆ, ಪೂರ್ತಿ ಓದಿರುವವರು ನೀವು.

ನಿಮ್ಮ ಪಟ್ಟಿಯಲ್ಲಿರುವ 'ಶರಪಂಜರ'ದ ಬಗ್ಗೆ ಬಳಗದವರು 'ಹೆಂಗಸರ ಕಾದಂಬರಿ' ಎಂದರೆಂದು ಬರೆದಿದ್ದೀರಿ. ಈ ಮಾತಿಗೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಅದನ್ನು ಬರೆದ ತ್ರಿವೇಣಿ ಮನಶ್ಶಾಸ್ತ್ರ ಓದಿದವರು. ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಸಿಲುಕಿ, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳಿದ ಕಾವೇರಿಯನ್ನು ಮನೆಯವರು, ನೆರೆಹೊರೆಯವರು ಮೊದಲಿನಂತೆ ಇರಗೊಡುವುದಿಲ್ಲ. ಗಟ್ಟಿಯಾಗಿ ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಬಾಣಂತಿಯ ಮಾನಸಿಕ ಕಾಯಿಲೆಯ ಬಗ್ಗೆ ಇಂದಿಗೂ ಎಷ್ಟೋ ಮನೆಗಳಲ್ಲಿ ಪಿಸುಮಾತಿನಲ್ಲೇ ಹೇಳುತ್ತಾರೆ. ತ್ರಿವೇಣಿ 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಳ್ಳುವುದರೊಳಗೆ ಅದನ್ನು ಕಾದಂಬರಿ ಮಾಡಿದ್ದರು. ಇದನ್ನು ಹಗುರವೆನ್ನುವವರು ಓದಿಲ್ಲ, ಅಥವಾ ಲೇಖಕಿಯ ಹೆಸರು ನೋಡಿಯೇ ತೀರ್ಮಾನ ಮಾಡಿದ್ದಾರೆ.

ಜನಪ್ರಿಯ ಕಾದಂಬರಿಯಿಂದ ಏನಾಗುತ್ತದೆ ಎನ್ನುವವರಿಗೆ ಬೀಚಿಯವರ ಬದುಕಿನ ಸಂಗತಿಯೂ ಗೊತ್ತಿರಬೇಕು. ಕನ್ನಡವೆಂದರೆ ಮೂಗು ಮುರಿಯುತ್ತಿದ್ದ ಅವರು ಅ.ನ. ಕೃಷ್ಣರಾಯರ 'ಸಂಧ್ಯಾರಾಗ' ಓದಿದ ಮೇಲೆ ಕನ್ನಡಕ್ಕೆ ಒಲಿದರು. ಆಮೇಲೆ ಅವರು ಬರೆದದ್ದನ್ನು ನಾಡು ನಕ್ಕು ಓದಿತು.

ಈಗ ನೀವು ಕೇಳಿದ ಉಳಿದ ಎರಡು ವಿಷಯ. 'ಮಲೆಗಳಲ್ಲಿ ಮದುಮಗಳು' ನೂರು ಪುಟಕ್ಕೇ ನಿಂತುಹೋಯಿತು ಎಂದಿದ್ದೀರಿ. ಅದರಲ್ಲಿ ನಾಯಕ ಯಾರು ಎಂದು ಹುಡುಕುತ್ತ ಹೋದರೆ ಎಲ್ಲರೂ ನಿಲ್ಲುವುದು ಅಲ್ಲೇ. ನಾಯಿಗುತ್ತಿ, ಅವನ ನಾಯಿ ಹುಲಿಯ, ತಿಮ್ಮಿ, ಐತ, ಪೀಂಚಲು, ಮುಕುಂದಯ್ಯ, ಚಿನ್ನಮ್ಮ ಎಲ್ಲರಿಗೂ ಅಲ್ಲಿ ಸಮನಾದ ಜಾಗವಿದೆ. ಮನೆ ಮನೆಯ ಹೆಸರನ್ನು, ಅಲ್ಲಿರುವವರ ಹೆಸರನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಆತುರವಿಲ್ಲದೆ ಓದಿ. ಮಳೆ, ಜಿಗಣೆ, ಕಾಡಿನ ಕತ್ತಲೆಯ ವರ್ಣನೆ ಬಂದಾಗ ಪುಟ ಹಾರಿಸಬೇಡಿ. ಆಗಲೂ ಹಿಡಿಸದಿದ್ದರೆ ಮುಚ್ಚಿಡಿ, ಕೆಲವು ವರ್ಷ ಬಿಟ್ಟು ಮತ್ತೆ ತೆಗೆಯಿರಿ. ನನಗೆ ಹಿಡಿಸಿದ್ದು ಎರಡನೆಯ ಓದಿನಲ್ಲಿ.

ಕಗ್ಗವನ್ನು ಒಂದು ವಾರದಲ್ಲಿ ಮುಗಿಸಲು ಹೊರಟು ಬೇಸರವಾಯಿತು ಎಂದಿದ್ದೀರಿ. ಅಲ್ಲಿ 945 ಪದ್ಯಗಳಿವೆ, ಅವು ಒಂದರ ಹಿಂದೆ ಒಂದು ಓಡಿಸುವಂಥವಲ್ಲ. ಬೆಳಿಗ್ಗೆ ಒಂದು ಓದಿ ಕೆಲಸಕ್ಕೆ ಹೋಗಿ, ಸಾಕು.

ಮುಂದೆ ಏನು ಓದಲಿ ಎಂದರೆ, 'ಕರ್ವಾಲೊ' ಇಷ್ಟಪಟ್ಟವರಿಗೆ 'ಹಸುರು ಹೊನ್ನು' ಕೊಡುತ್ತೇನೆ. ಅಮ್ಮನಿಗೂ ತಂದುಕೊಟ್ಟೆ. ಹಿತ್ತಲಿನ ಗಿಡಗಳ ಬಗ್ಗೆ ಏನು ಬರೆದಿದ್ದಾರೆಂದು ಮೊದಲು ಹುಡುಕಿ, ಆಮೇಲೆ ಮೊದಲಿನಿಂದ ಓದಿದಳು. ಅದಕ್ಕೂ ಮೊದಲು 'ಕರ್ವಾಲೊ' ಓದಿ, ಅದರಲ್ಲಿ ಬರುವ ಹಳ್ಳಿಯವನನ್ನು ನೆನೆದು, 'ಮಂದಣ್ಣನಂಥವರು ನಮ್ಮ ಕಡೆಯೂ ಇದ್ದರು, ಅವರಿಗೆ ಏನು ಗೊತ್ತಿದೆ ಎಂದು ಯಾರೂ ಕೇಳಲಿಲ್ಲ' ಎಂದಿದ್ದಳು. ಆ ಕಾದಂಬರಿಯ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ಒಳ್ಳೆಯದು ನೆನಪಿಲ್ಲ. ಧಾರಾವಾಹಿಗಳ ವಿಷಯ ಮಾತ್ರ ಅವಳು ಎತ್ತಲಿಲ್ಲ, ನಾನು ಎತ್ತಿದಾಗ ಮಾತು ಬದಲಿಸಿದಳು.

ಬಳಗಕ್ಕೆ ಹೋಗುವುದನ್ನು ಬಿಡಬೇಡಿ. ಮುಂದಿನ ಸಲ ನಿಮ್ಮ ಸರದಿ ಬಂದಾಗ ನರಸಿಂಹಯ್ಯನವರ ಪುಸ್ತಕವನ್ನೇ ಒಯ್ದು, ಅದರಲ್ಲಿ ನಿಮ್ಮನ್ನು ಹಿಡಿದಿಟ್ಟ ಒಂದು ಪುಟ ಓದಿ ತೋರಿಸಿ, ಏಕೆ ಹಿಡಿದಿಟ್ಟಿತು ಎಂದು ಹೇಳಿ. ಮನೆಯಲ್ಲಿ ನಿಜಕ್ಕೂ ಜಾಗ ಸಾಲದಿದ್ದರೆ ಪತ್ತೇದಾರಿಗಳನ್ನು ಊರಿನ ಗ್ರಂಥಾಲಯಕ್ಕೆ ಕೊಡಿ, ತೂಕಕ್ಕೆ ಹಾಕಬೇಡಿ. ಕೊಡುವ ಮುನ್ನ ಮನೆಯಲ್ಲಿ ಅವನ್ನು ಬೇರೆ ಯಾರಾದರೂ ಓದುತ್ತಿದ್ದಾರೆಯೇ ಎಂದು ಕೇಳಿ.