ಓದುಗರ ಪ್ರಶ್ನೆ: ಮೀಟಿಂಗಿನಲ್ಲಿ ಬಾಯಿ ಬಿಡದವರು ಟೀ ಅಂಗಡಿಯಲ್ಲಿ ಮಾತಾಡುತ್ತಾರೆ

ಲಾಭಕ್ಕಾಗಿ ನಡೆಯುವ ಕಂಪನಿಗಳು ಜನರ ಕಷ್ಟಕ್ಕೆ ಹೊಸ ದಾರಿ ಹುಡುಕಬಹುದಾ, ಅದಕ್ಕೂ ನಮ್ಮ ರೀತಿ ರಿವಾಜಿಗೂ ಏನು ಸಂಬಂಧ ಅಂತ ಕೇಳಿ ಈ ಸಲ ಹಲವರು ಬರೆದಿದ್ದೀರಿ. ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದು ನನ್ನನ್ನು ಜಾಸ್ತಿ ಕಾಡಿತು. ಅದಕ್ಕೇ ಜಾಗವನ್ನೂ ಜಾಸ್ತಿ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಎಚ್‌ಆರ್ ವಿಭಾಗದಲ್ಲಿದ್ದೇನೆ. ಪ್ರತಿ ವರ್ಷ ಶಾಲೆಗೆ ಬೆಂಚು, ಮಕ್ಕಳಿಗೆ ಬ್ಯಾಗು ಕೊಡುತ್ತೇವೆ, ಫೋಟೋ ತೆಗೆಸುತ್ತೇವೆ. ಈ ವರ್ಷ ಹೊಸದಾಗಿ ಬಂದ ಎಂ.ಡಿ. "ಏನಾದರೂ ಹೊಸದು ಯೋಚಿಸಿ, ಜನರಿಗೆ ನಿಜಕ್ಕೂ ಉಪಯೋಗ ಆಗಬೇಕು, ಕಂಪನಿಗೂ ನಷ್ಟ ಆಗಬಾರದು" ಎಂದರು. ಮೀಟಿಂಗ್ ಕರೆದೆವು. ನಲವತ್ತು ಜನ ಕೂತಿದ್ದರು, ಒಬ್ಬರೂ ಬಾಯಿ ಬಿಡಲಿಲ್ಲ. ಆಮೇಲೆ ನೋಡಿದರೆ ಗೇಟಿನ ಹೊರಗಿನ ಟೀ ಅಂಗಡಿಯಲ್ಲಿ ಅದೇ ಜನ ಬೇಕಾದಷ್ಟು ಮಾತಾಡುತ್ತಿದ್ದರು. ತಪ್ಪು ಎಲ್ಲಿದೆ?

ಉತ್ತರ: ನಿಮಗೆ ಬೇಕಾದದ್ದು ಆ ಟೀ ಅಂಗಡಿಯಲ್ಲೇ ಇದೆ. ಅದು ಮೀಟಿಂಗ್ ಹಾಲಿಗೆ ಯಾಕೆ ಬರಲಿಲ್ಲ ಅನ್ನುವುದನ್ನು ನೋಡಬೇಕು, ಅಲ್ವಾ?

ನಮ್ಮ ಮೈಸೂರು, ಮಂಡ್ಯದ ಹಳ್ಳಿಗಳಲ್ಲಿ ಹಿಂದೆ ಆಳುಗಳು ಯಜಮಾನರನ್ನು ‘ಬುದ್ಧಿ’ ಅಂತ ಕರೆಯುತ್ತಿದ್ದರು. ‘ಆಯ್ತು ಬುದ್ಧಿ’, ‘ಬತ್ತೀನಿ ಬುದ್ಧಿ’. ನನ್ನ ಅಜ್ಜನ ಮನೆಯಲ್ಲಿ ನಾನೇ ಕೇಳಿದ್ದೇನೆ. ಎದುರಿಗೆ ನಿಂತವರ ಹೆಸರೇ ಬುದ್ಧಿ ಆಗಿಬಿಟ್ಟರೆ ಕರೆಯುವವನ ಪಾಲಿಗೆ ಉಳಿಯುವುದು ಬರೀ ರಟ್ಟೆ. ಈಗ ಆ ಮಾತು ಹೋಗಿ ‘ಸಾರ್’ ಬಂದಿದೆ. ಆದರೆ ದೊಡ್ಡವರಿಗೆ ಎದುರು ಮಾತಾಡಬಾರದು, ಕೇಳದೆ ಸಲಹೆ ಕೊಡಬಾರದು ಅನ್ನುವ ಅಂಜಿಕೆ ಹಾಗೇ ಇದೆ, ಅದು ನಮ್ಮ ಜೊತೆಗೇ ಬಸ್ಸು ಹತ್ತಿ ಕಾರ್ಖಾನೆಗೂ ಬರುತ್ತದೆ. ಒಂದು ಕಂಪನಿಯೊಳಗೆ ಜನರಿಗೆ ಉಪಯೋಗ ಆಗುವ ಹೊಸ ಯೋಚನೆ ಹುಟ್ಟುತ್ತದೋ ಇಲ್ಲವೋ ಅನ್ನುವುದು ದುಡ್ಡಿಗಿಂತ ಜಾಸ್ತಿ ಈ ಅಂಜಿಕೆಯ ಮೇಲೆ ನಿಂತಿದೆ ಅಂತ ನಾನು ನಂಬಿದ್ದೇನೆ, ಯಾಕೆಂದರೆ ಕಷ್ಟ ಗೊತ್ತಿರುವವರು ಕೆಳಗಿರುತ್ತಾರೆ, ಸಹಿ ಹಾಕುವವರು ಮೇಲಿರುತ್ತಾರೆ, ನಡುವಿನ ಮೆಟ್ಟಿಲು ಹತ್ತುವ ಹೊತ್ತಿಗೆ ಮಾತು ಸತ್ತೇ ಹೋಗಿರುತ್ತದೆ.

ನನ್ನದೇ ಅನುಭವ ಹೇಳುತ್ತೇನೆ. ನಂಜನಗೂಡು ಕಡೆಯ ಒಂದು ಕಾರ್ಖಾನೆಯಲ್ಲಿ ನಾನು ಬಹಳ ವರ್ಷ ವೆಲ್ಫೇರ್ ಆಫೀಸರ್ ಆಗಿದ್ದೆ. ಗೇಟಿನ ಹತ್ತಿರ ಸಲಹಾ ಪೆಟ್ಟಿಗೆ ಇತ್ತು, ಅದಕ್ಕೆ ಬೀಗವೂ ಇತ್ತು. ತೆಗೆದಾಗೆಲ್ಲ ಖಾಲಿ. ಇವರಿಗೆ ಹೇಳಲು ಏನೂ ಇಲ್ಲ ಅಂತ ನಾವು ರಿಪೋರ್ಟ್ ಬರೆಯುತ್ತಿದ್ದೆವು. ಅದೇ ಹೊತ್ತಿಗೆ ಹತ್ತಿರದ ಹಳ್ಳಿಗಳ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಕೆಲಸ ಬಿಡುತ್ತಿದ್ದರು. ಕಾರಣ ಕೇಳಿದರೆ ಮದುವೆ, ಮನೆಯಲ್ಲಿ ಬೇಡ ಅಂದರು, ಅಷ್ಟೇ ಉತ್ತರ. ಕಂಪನಿ ಆ ಹಳ್ಳಿಗಳ ಶಾಲೆಗಳಿಗೆ ಕಂಪ್ಯೂಟರ್ ಕೊಟ್ಟು ಸಮಾಧಾನಪಟ್ಟಿತು.

ಒಂದು ದಿನ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವ ಹೆಂಗಸೊಬ್ಬರು ಮಾತಿಗೆ ಮಾತು ಬಂದು ಹೇಳಿದರು. ಓವರ್‌ಟೈಮ್ ಇದ್ದ ದಿನ ಕಂಪನಿ ಬಸ್ಸು ಮೇನ್‌ರೋಡಿನಲ್ಲಿ ಇಳಿಸುವಾಗ ಏಳು ಗಂಟೆ ದಾಟುತ್ತದೆ, ಅಲ್ಲಿಂದ ಊರಿಗೆ ಎರಡು ಕಿಲೋಮೀಟರ್, ಎರಡೂ ಕಡೆ ಕಬ್ಬಿನ ಗದ್ದೆ, ಒಂದು ಲೈಟೂ ಇಲ್ಲ. ಊರಿನ ರಸ್ತೆ ಕಿರಿದು, ದೊಡ್ಡ ಬಸ್ಸು ತಿರುಗುವುದಿಲ್ಲ. "ನಮ್ಮೂರ ಹುಡುಗ್ರ ಆಟೋ ಸುಮ್ನೆ ನಿಂತಿರ್ತವೆ, ಅವ್ರಿಗೇ ತಿಂಗಳ ಲೆಕ್ಕದಲ್ಲಿ ದುಡ್ಡು ಕೊಟ್ರೆ ಮನೆ ಬಾಗ್ಲಿಗೇ ಬಿಡ್ತಾರೆ, ಅಪ್ಪ ಅಮ್ಮನೂ ಒಪ್ತಾರೆ" ಎಂದರು. ಹೊರಗಿನ ವ್ಯಾನಾಗಿದ್ದರೆ ಮನೆಯವರು ಒಪ್ಪುತ್ತಿರಲಿಲ್ಲ. ನಮ್ಮೂರ ಹುಡುಗ ಅನ್ನುವ ನಂಬಿಕೆ ಕೆಲಸ ಮಾಡಿತು. ಮೂರು ಊರುಗಳಲ್ಲಿ ಹಾಗೇ ಮಾಡಿದೆವು. ಆಟೋದವರಿಗೆ ನಿಂತ ಸಂಪಾದನೆ ಬಂತು, ಬಿಟ್ಟುಹೋಗಿದ್ದ ಕೆಲವರು ವಾಪಸ್ ಬಂದರು, ಹೊಸಬರಿಗೆ ಕೆಲಸ ಕಲಿಸುವ ಖರ್ಚು ಕಂಪನಿಗೆ ಕಡಿಮೆಯಾಯಿತು.

ನನಗೆ ಇವತ್ತಿಗೂ ನೋವು ಕೊಡುವ ವಿಷಯ ಬೇರೆ ಇದೆ. ಆಕೆ ಇದನ್ನು ಮೂರು ವರ್ಷದ ಹಿಂದೆಯೇ ಸೂಪರ್‌ವೈಸರಿಗೆ ಹೇಳಿದ್ದರು. "ನಿನಗ್ಯಾಕಮ್ಮ ಅದೆಲ್ಲ" ಅಂದಿದ್ದರಂತೆ. ಆ ಮೂರು ವರ್ಷ ಎಷ್ಟು ಹುಡುಗಿಯರು ಕೆಲಸ ಬಿಟ್ಟು ಮನೆ ಸೇರಿದರೋ.

ಹಾಗಾಗಿ ನಲವತ್ತು ಜನರ ಮೀಟಿಂಗ್ ಬಿಡಿ. ಒಂದೇ ಲೈನಿನ ಐದಾರು ಜನ, ಅವರ ಮೇಲಿನವರು ಇಲ್ಲದ ಜಾಗ, ಕೈಯಲ್ಲಿ ನೋಟ್‌ಬುಕ್ ಇಲ್ಲದ ನೀವು. ‘ಐಡಿಯಾ ಕೊಡಿ’ ಅನ್ನಬೇಡಿ, ಆ ಪದ ಕೇಳಿದರೇ ಪರೀಕ್ಷೆ ಅನ್ನಿಸುತ್ತದೆ. ಮನೆಯಿಂದ ಇಲ್ಲಿಗೆ ಬರೋಕೆ ಏನು ತೊಂದರೆ, ಇಲ್ಲಿಂದ ಹೋದ ಮೇಲೆ ಏನು ತೊಂದರೆ ಅಂತ ಕೇಳಿ. ಹೇಳಿದ್ದಕ್ಕೆ ಏನಾಯಿತು ಅಂತ ಒಂದು ತಾರೀಕಿನೊಳಗೆ ಅವರಿಗೇ ವಾಪಸ್ ಹೇಳಿ. ಆಗಲ್ಲ ಅನ್ನುವುದಾದರೂ ಸರಿ, ಹೇಳಲೇಬೇಕು. ಸೂಪರ್‌ವೈಸರುಗಳ ಜೊತೆ ಬೇರೆಯಾಗಿ ಕೂತುಕೊಳ್ಳಿ. ಅವರೂ ಕೆಟ್ಟವರಲ್ಲ, ಕೆಳಗಿನಿಂದ ಬರುವ ಪ್ರತಿ ಮಾತೂ ತಮ್ಮ ಮೇಲಿನ ದೂರು ಅಂತ ಹೆದರುತ್ತಾರೆ. ಆ ಹೆದರಿಕೆ ತೆಗೆಯುವ ಕೆಲಸ ನಿಮ್ಮ ಎಂ.ಡಿ. ಅವರದು.

ಪ್ರಶ್ನೆ: ನಮ್ಮ ಕಂಪನಿಯಲ್ಲಿ ಹೆಂಗಸರಿಗೆ ಒಳ್ಳೆಯ ಶಿಶುಪಾಲನಾ ಕೇಂದ್ರ ಮಾಡಿ ಎಂದರೆ "ಅದು ಸಿಎಸ್‌ಆರ್ (ಕಂಪನಿ ಸಮಾಜಕ್ಕಾಗಿ ಮಾಡುವ ಖರ್ಚು) ಲೆಕ್ಕಕ್ಕೆ ಬರಲ್ಲ" ಎನ್ನುತ್ತಾರೆ. ನಿಜವಾ? (ಶ್ರೀರಂಗಪಟ್ಟಣ)

ಉತ್ತರ: ನಿಜ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 500 ಕೋಟಿ ರೂಪಾಯಿ ನೆಟ್‌ವರ್ತ್ (ಆಸ್ತಿಯಲ್ಲಿ ಸಾಲ ಕಳೆದು ಉಳಿಯುವುದು), 1000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಸ್ವಂತ ನೌಕರರಿಗೆ ಮಾಡಿದ್ದು ಅದರಲ್ಲಿ ಸೇರುವುದಿಲ್ಲ. ಆದರೆ ಶಿಶುಪಾಲನಾ ಕೇಂದ್ರಕ್ಕೆ ಸಿಎಸ್‌ಆರ್ ಯಾಕೆ ಬೇಕು? 50 ಅಥವಾ ಜಾಸ್ತಿ ನೌಕರರಿರುವ ಕಡೆ ಆ ಸೌಲಭ್ಯ ಇರಲೇಬೇಕು ಅಂತ 2017ರಲ್ಲಿ ತಿದ್ದಿದ ಹೆರಿಗೆ ಸೌಲಭ್ಯ ಕಾಯ್ದೆ ಹೇಳಿತ್ತು, ಅದರ ಜಾಗಕ್ಕೆ 2025ರ ನವೆಂಬರಿನಲ್ಲಿ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನೇ ಹೇಳುತ್ತದೆ. ಅದು ದಾನವಲ್ಲ. ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ, ಬರೆದು ಕೊಡಿ.

ಈ ಸಿಎಸ್‌ಆರ್ ಲೆಕ್ಕದಿಂದ ಇನ್ನೊಂದು ತೊಂದರೆ ಆಗಿದೆ. ಸಮಾಜಸೇವೆ ಅಂದರೆ ಚೆಕ್ಕು, ಅದನ್ನು ನೋಡಿಕೊಳ್ಳುವುದು ಒಂದು ವಿಭಾಗ, ಉಳಿದವರಿಗೆ ಸಂಬಂಧವೇ ಇಲ್ಲ ಅನ್ನುವ ಭಾವನೆ ಬೇರೂರಿಬಿಟ್ಟಿದೆ. ಜಮ್‌ಶೆಡ್‌ಪುರದ ಟಾಟಾ ಸ್ಟೀಲ್ 1912ರಲ್ಲೇ ದಿನಕ್ಕೆ ಎಂಟು ಗಂಟೆ ಕೆಲಸ ಅಂತ ಮಾಡಿತು. ನಮ್ಮ ದೇಶದ ಕಾನೂನು ಆ ಮಟ್ಟಕ್ಕೆ ಬರಲು ಇನ್ನೂ ಮೂವತ್ತು ವರ್ಷಕ್ಕಿಂತ ಜಾಸ್ತಿ ಬೇಕಾಯಿತು. ಆಗ ಯಾವ ಶೇ 2ರ ಲೆಕ್ಕವೂ ಇರಲಿಲ್ಲ.

ಪ್ರಶ್ನೆ: ನಾನು ಮಾನಸಗಂಗೋತ್ರಿಯಲ್ಲಿ ಎಂಬಿಎ ಓದುತ್ತಿದ್ದೇನೆ. ನಮ್ಮ ಸಂಸ್ಕೃತಿಯೇ ಹೊಸತನಕ್ಕೆ ಅಡ್ಡಿ, ಪಶ್ಚಿಮದ ದೇಶಗಳದ್ದು ಅನುಕೂಲ ಅಂತ ಗೆಳೆಯರು ವಾದ ಮಾಡುತ್ತಾರೆ. ನನಗೆ ಒಪ್ಪಿಗೆಯಾಗುವುದಿಲ್ಲ, ಆದರೆ ಉತ್ತರ ಕೊಡಲು ಬರುವುದಿಲ್ಲ.

ಉತ್ತರ: ನಿಮ್ಮ ಗೆಳೆಯರು ಹಾಫ್‌ಸ್ಟೆಡ್ ಅವರ ಅಂಕಿ ನೋಡಿರಬೇಕು. ಗೀರ್ಟ್ ಹಾಫ್‌ಸ್ಟೆಡ್ ಅನ್ನುವ ಡಚ್ ಸಂಶೋಧಕರು 1967ರಿಂದ 1973ರ ನಡುವೆ ಬೇರೆ ಬೇರೆ ದೇಶಗಳ ಐಬಿಎಂ ಕಂಪ್ಯೂಟರ್ ಕಂಪನಿ ನೌಕರರಿಂದ ಪಡೆದ ಉತ್ತರಗಳನ್ನು ಇಟ್ಟುಕೊಂಡು ದೇಶಗಳ ಸ್ವಭಾವವನ್ನು ಅಳೆದರು. ಮೇಲಿನವರಿಗೂ ಕೆಳಗಿನವರಿಗೂ ಇರುವ ಅಂತರವನ್ನು ಜನ ಎಷ್ಟು ಒಪ್ಪಿಕೊಂಡಿದ್ದಾರೆ ಅನ್ನುವ ಅಳತೆಯಲ್ಲಿ ಭಾರತಕ್ಕೆ 77, ಡೆನ್ಮಾರ್ಕಿಗೆ 18. ನಮ್ಮಲ್ಲಿ ಅಂತರ ಜಾಸ್ತಿ ಅನ್ನುವುದು ಸುಳ್ಳಲ್ಲ, ಮೇಲಿನ ಉತ್ತರದಲ್ಲಿ ನಾನೇ ಅದನ್ನು ಬರೆದಿದ್ದೇನೆ. ಆದರೆ ಇದು ಇಡೀ ದೇಶದ ಸರಾಸರಿ. ಒಂದು ಕಾರ್ಖಾನೆಯ ಗೇಟಿನೊಳಗೆ ಏನಿದೆ ಅಂತ ಅದು ಹೇಳುವುದಿಲ್ಲ. ಸಂಸ್ಕೃತಿ ಅಂದರೆ ಅಂಜಿಕೆ ಒಂದೇ ಅಲ್ಲ, ನಂಟು, ನಂಬಿಕೆ, ಕೊಟ್ಟ ಮಾತು ಎಲ್ಲವೂ ಸೇರಿದೆ.

ನಮ್ಮ ಮೈಸೂರಿನದೇ ಉದಾಹರಣೆ ತಗೊಳ್ಳಿ. ನಾರಾಯಣ ಹೃದಯಾಲಯ ಲಾಭಕ್ಕಾಗಿ ನಡೆಯುವ ಕಂಪನಿ, ಷೇರು ಪೇಟೆಯಲ್ಲೂ ಇದೆ. ಅದರ ಮೈಸೂರಿನ ಆಸ್ಪತ್ರೆಯನ್ನು ಕಡಿಮೆ ಖರ್ಚಿನಲ್ಲಿ, ಎಲ್ಲ ಕಡೆ ಎಸಿ ಹಾಕದೆ ಕಟ್ಟಿದರು. ನನಗೆ ಕಟ್ಟಡಕ್ಕಿಂತ ಜಾಸ್ತಿ ಹಿಡಿಸಿದ್ದು ಇನ್ನೊಂದು ಯೋಚನೆ. ನಮ್ಮಲ್ಲಿ ಯಾರಿಗಾದರೂ ಆಪರೇಷನ್ ಆದರೆ ಒಬ್ಬರನ್ನೇ ಬಿಟ್ಟು ಹೋಗುತ್ತೇವಾ? ಹೆಂಡತಿ, ಅಣ್ಣ, ಚಿಕ್ಕಮ್ಮ ಎಲ್ಲರೂ ಕಾರಿಡಾರಿನಲ್ಲಿ ಚಾಪೆ ಹಾಸಿಕೊಂಡು ಇರುತ್ತಾರೆ. ಎಷ್ಟೋ ಆಸ್ಪತ್ರೆಗಳಿಗೆ ಇದು ಕಿರಿಕಿರಿ, ವಾಚ್‌ಮನ್ ಬಂದು ಎಬ್ಬಿಸುತ್ತಿರುತ್ತಾನೆ. ಇವರು ಆ ನೆಂಟರಿಗೇ ಆರೈಕೆ ಕಲಿಸಬಹುದು ಅಂದುಕೊಂಡರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕೋರ್ಸಿನ ಕೆಲಸವಾಗಿ ನಾರಾಯಣ ಆಸ್ಪತ್ರೆಗಳಿಗೆ ಬಂದು ಇದನ್ನು ಬೆಳೆಸಿದರು, ಮುಂದೆ ಅದೇ ನೂರಾ ಹೆಲ್ತ್ ಅನ್ನುವ ಸಂಸ್ಥೆಯಾಯಿತು. ಕೈ ತೊಳೆಯುವುದು ಹೇಗೆ, ಗಾಯ ನೋಡಿಕೊಳ್ಳುವುದು ಹೇಗೆ, ಯಾವ ಲಕ್ಷಣ ಕಂಡರೆ ಡಾಕ್ಟರ ಹತ್ತಿರ ಓಡಬೇಕು ಅಂತ ಮನೆಯವರೇ ಕಲಿಯುತ್ತಾರೆ. ಮನೆಗೆ ಹೋದ ಮೇಲೂ ಆ ವಿದ್ಯೆ ಜೊತೆಗಿರುತ್ತದೆ. ಆಸ್ಪತ್ರೆಗೆ ಯಾರೂ ಜೊತೆ ಬರದ ಸಮಾಜದಲ್ಲಿ ಈ ಯೋಚನೆ ಹುಟ್ಟಲು ಸಾಧ್ಯವೇ ಇರಲಿಲ್ಲ.

ರೈತರಿಂದ ನೇರವಾಗಿ ಬೆಳೆ ಕೊಳ್ಳಲು ಐಟಿಸಿ ಕಂಪನಿ ಮಾಡಿದ ಇ-ಚೌಪಾಲ್ ಕೂಡ ಹಾಗೇ. 2000ದಲ್ಲಿ ಮಧ್ಯಪ್ರದೇಶದ ಸೋಯಾ ಬೆಳೆಗಾರರಿಂದ ಶುರುವಾಯಿತು. ಚೌಪಾಲ್ ಅಂದರೆ ಅಲ್ಲಿನ ಊರಿನವರು ಸೇರುವ ಕಟ್ಟೆ, ನಮ್ಮ ಅರಳಿಕಟ್ಟೆ ಇದ್ದಂತೆ. ಕಂಪ್ಯೂಟರನ್ನು ಆಫೀಸಿನಲ್ಲಿ ಇಡದೆ ಊರಿನ ಒಬ್ಬ ರೈತನ ಮನೆಯಲ್ಲೇ ಇಟ್ಟರು. ಆತ ಊರವರ ಮುಂದೆ ಪ್ರಮಾಣ ಮಾಡಿ ಜವಾಬ್ದಾರಿ ತಗೊಳ್ಳುತ್ತಿದ್ದ. ಸೋಯಾ ಗಾಡಿಗೆ ತುಂಬುವ ಮೊದಲೇ ಬೆಲೆ ಗೊತ್ತಾಗುತ್ತಿತ್ತು, ಮಂಡಿಯಲ್ಲಿ ಕಾಯುವುದು, ತೂಕದಲ್ಲಿ ಕಳೆದುಕೊಳ್ಳುವುದು ತಪ್ಪಿತು. ಕಂಪನಿಗೂ ಖರೀದಿ ಖರ್ಚು ಉಳಿಯಿತು. ಹಳೆಯ ಕಮಿಷನ್ ಏಜೆಂಟರನ್ನು ಓಡಿಸದೆ ಅವರಿಗೂ ಒಂದು ಕೆಲಸ ಕೊಟ್ಟರು, ಊರಿನ ನಂಟು ಗೊತ್ತಿದ್ದವರು ಮಾತ್ರ ಹೀಗೆ ಯೋಚಿಸುತ್ತಾರೆ.

ಮೊಬೈಲಿನಲ್ಲೇ ದುಡ್ಡು ಕಳಿಸುವ ಕೀನ್ಯಾದ ಎಂ-ಪೆಸಾ ಬಗ್ಗೆಯೂ ಓದಿ. ಪೆಸಾ ಅಂದರೆ ಸ್ವಾಹಿಲಿಯಲ್ಲಿ ದುಡ್ಡು, ನಮ್ಮ ಪೈಸೆಯ ನೆಂಟ. ಮೊದಲು ಸಣ್ಣ ಸಾಲದ ಕಂತು ಮೊಬೈಲಿನಲ್ಲಿ ಕಟ್ಟಿಸಲು ಪ್ರಯೋಗ ಮಾಡಿದರು. ಜನ ಅದನ್ನು ಊರಿನ ಮನೆಗೆ ದುಡ್ಡು ಕಳಿಸಲು ಬಳಸಿದರು. ಅಲ್ಲಿನ ಸಫಾರಿಕಾಮ್ ಅನ್ನುವ ಮೊಬೈಲ್ ಕಂಪನಿ ಅದನ್ನು ಗಮನಿಸಿ, 2007ರಲ್ಲಿ ‘ಮನೆಗೆ ಹಣ ಕಳಿಸಿ’ ಅಂತಲೇ ಶುರು ಮಾಡಿತು. ನಿಮ್ಮ ಗೆಳೆಯರಿಗೆ ಇಷ್ಟು ಹೇಳಿದರೆ ಸಾಕು.

ಪ್ರಶ್ನೆ: ಅಕ್ಕಾ, ನಮ್ಮದು ಮದ್ದೂರು ತಾಲ್ಲೂಕು. ತಂದೆ ಕಾಲದಿಂದ ಆಲೆಮನೆ ಇದೆ. ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದು ಬೆಲ್ಲಕ್ಕೆ ಬ್ರ್ಯಾಂಡ್ ಮಾಡಿ ಕಂಪನಿ ಶುರು ಮಾಡಿದ್ದಾನೆ. ಲಾಭದಲ್ಲಿ ಒಂದು ಪಾಲು ಸಮಾಜಕ್ಕೆ ಅಂತಾನೆ. ನಾನು ಮೊದಲು ಗಟ್ಟಿಯಾಗಿ ನಿಲ್ಲು ಅಂತೀನಿ. ಯಾರದು ಸರಿ?

ಉತ್ತರ: ಅಣ್ಣಾ, ಪಾಲು ಎತ್ತಿಡುವ ಮೊದಲು ಆಲೆಮನೆಯನ್ನೇ ಇಬ್ಬರೂ ಸರಿಯಾಗಿ ನೋಡಿ. ಆಲೆಮನೆ ಹತ್ತಿರ ಬಂದವರನ್ನು ಬರಿಗೈಲಿ ಕಳಿಸಬಾರದು ಅನ್ನುವ ರೂಢಿ ನಿಮಗೆ ನಾನು ಹೇಳಬೇಕಿಲ್ಲ. ದಾರೀಲಿ ಹೋಗುವವರಿಗೂ ಒಂದು ಲೋಟ ಕಬ್ಬಿನ ಹಾಲು, ಮಕ್ಕಳ ಕೈಗೆ ಬಿಸಿ ಬೆಲ್ಲ. ಆ ಮನಸ್ಸು ಮಾರಾಟದಲ್ಲೂ ಇರಲಿ. ಬಣ್ಣ ಬೆಳ್ಳಗಾಗಲಿ ಅಂತ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುವುದು, ಸಕ್ಕರೆ ಬೆರೆಸುವುದು ನಮ್ಮ ಜಿಲ್ಲೆಯ ಬೆಲ್ಲದ ಹೆಸರನ್ನೇ ಕೆಡಿಸಿದೆ. ಬೆಂಡೆ ಲೋಳೆ ಹಾಕಿ ಕಾಯಿಸಿದ ಕಂದು ಬೆಲ್ಲವನ್ನು ‘ಇದು ಹೀಗೇ ಇರೋದು’ ಅಂತ ಹೇಳಿ ಮಾರುವ ಧೈರ್ಯ ನಿಮ್ಮ ಮಗನಿಗಿದ್ದರೆ ತಿನ್ನುವವರಿಗೂ ಒಳ್ಳೆಯದು, ಕಬ್ಬು ಕೊಡುವವರಿಗೂ ಒಳ್ಳೆಯ ಬೆಲೆ ಕೊಡಲು ದಾರಿಯಾಗುತ್ತದೆ.

ಊರಿನ ಮುಯ್ಯಾಳು ಪದ್ಧತಿ ನೆನಪಿದೆಯಾ? ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಸಣ್ಣ ರೈತರು ಐದಾರು ಮನೆಯವರು ಸೇರಿ ಮುಯ್ಯಲ್ಲಿ ಕಬ್ಬು ಕಡಿದು ತಂದರೆ ಕೂಲಿ ಖರ್ಚು ಉಳಿಯುತ್ತದೆ, ಅವರಿಗೆ ಆಲೆಮನೆಯಲ್ಲಿ ಸರದಿ ಮೊದಲು ಕೊಡುತ್ತೇವೆ ಅಂತ ಮಗ ಹೇಳಬಹುದು. ಹೊಸದಾಗಿ ಕಲಿಸುವ ಕಷ್ಟವೇ ಇಲ್ಲ, ಜನರಿಗೆ ಗೊತ್ತಿರುವುದೇ.

ಇನ್ನೊಂದು ವಿಷಯ ನಿಮ್ಮ ಪತ್ರದಲ್ಲಿ ಇರಲಿಲ್ಲ. ಕೊಪ್ಪರಿಗೆ ಹತ್ತಿರ ರಾತ್ರಿ ಹಗಲು ನಿಲ್ಲುವವರು ಯಾರು? ಈಗ ಎಷ್ಟೋ ಆಲೆಮನೆಗಳಲ್ಲಿ ಉತ್ತರದ ರಾಜ್ಯಗಳಿಂದ ಬಂದ ಹುಡುಗರಿದ್ದಾರೆ. ನಿಮ್ಮಲ್ಲೂ ಇದ್ದರೆ ಅವರು ಮಲಗುವುದು ಎಲ್ಲಿ, ಪಾಕ ಸಿಡಿದು ಕೈ ಸುಟ್ಟರೆ ಯಾರು ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಊರಿಗೆ ದುಡ್ಡು ಹೇಗೆ ಹೋಗುತ್ತದೆ? ಒಲೆಗೆ ಹಾಕುವ ರಚ್ಚಿನ (ಒಣಗಿದ ಕಬ್ಬಿನ ಸಿಪ್ಪೆಯ) ಹೊಗೆ ಮೊದಲು ಹೋಗುವುದು ಅವರ ಎದೆಗೆ. ಒಲೆ, ಹೊಗೆಗೊಳವೆ ಹೇಗಿದ್ದರೆ ಒಳ್ಳೆಯದು ಅಂತ ಅವರಿಗೆ ಗೊತ್ತಿರುವಷ್ಟು ನಿಮಗೂ ಗೊತ್ತಿರಲಿಕ್ಕಿಲ್ಲ, ನನಗಂತೂ ಗೊತ್ತಿಲ್ಲ. ಒಂದು ಸಂಜೆ ಗಾಣ ನಿಲ್ಲಿಸಿ ಅವರ ಜೊತೆ ಕೂತು ಕೇಳಿ. ನಿಮಗೆ ಹಿಂದಿ ಬರದಿದ್ದರೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.