ಎದೆಯ ತಪ್ಪಲ್ಲ, ಬ್ರಾ ಅಳತೆಯ ತಪ್ಪು: ಒಂದು ಆಪ್ತಸಲಹೆ ಪ್ರಕರಣ

ಬಂದವರು ಮೂವತ್ತರ ಆಸುಪಾಸಿನ ಬಾಣಂತಿ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇವೆ. ಮಗುವಿಗೆ ಮೂರು ತಿಂಗಳು, ಎದೆಹಾಲೇ ಪೂರ್ತಿ ಆಹಾರ. ಹೆಗಲು, ಕತ್ತು ಸದಾ ನೋವು. ಹೊರಗೆ ಹೋಗಲು ಮನಸ್ಸಿಲ್ಲ. ಕನ್ನಡಿ ಕಂಡರೆ ಅಳು. "ನನ್ನ ಮೈಗೆ ಯಾವುದೂ ಸರಿಹೊಂದುವುದೇ ಇಲ್ಲ" ಎಂಬ ಮಾತು ಮತ್ತೆ ಮತ್ತೆ ಬಂತು.

ಹೆರಿಗೆಯ ನಂತರ ಇಂಥ ದೂರು ಬಂದಾಗ ಮೊದಲು ನೋಡಬೇಕಾದದ್ದು ಮನಸ್ಸಿನ ಸ್ಥಿತಿಯನ್ನು. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸುವ ಎಡಿನ್‌ಬರೋ ಮಾಪಕದ 10 ಪ್ರಶ್ನೆಗಳನ್ನು ಕೇಳಿದೆವು. ಖಿನ್ನತೆಯ ಸೂಚನೆ ಇರಲಿಲ್ಲ. ಮಗುವಿನ ಜೊತೆಗಿನ ನಂಟು ಗಟ್ಟಿಯಾಗಿತ್ತು. ಅಂಕ ಹೆಚ್ಚಿದ್ದಿದ್ದರೆ ಮುಂದಿನ ಮಾತೆಲ್ಲ ಆಮೇಲೆ, ಮೊದಲು ವೈದ್ಯರು.

ನೋವು ಎಲ್ಲಿ ಎಂದು ಕೇಳಿದಾಗ ವಿಷಯ ಹೊರಬಿತ್ತು. ಹೆಗಲ ಮೇಲೆ ಪಟ್ಟಿ ಕೊರೆದ ಗುರುತು, ಬೆನ್ನಿನಲ್ಲಿ ಮೇಲೇರುತ್ತಿದ್ದ ಬ್ರಾ, ಕಂಕುಳ ಬಳಿ ಹೊರಚೆಲ್ಲುತ್ತಿದ್ದ ಎದೆ. ಧರಿಸುತ್ತಿದ್ದದ್ದು 38ಬಿ: ಸಂಖ್ಯೆ ಕೆಳಪಟ್ಟಿಯ ಅಳತೆ, ಅಕ್ಷರ ಕಪ್ಪಿನದು. ಟೇಪನ್ನು ಅವರ ಕೈಗೇ ಕೊಟ್ಟು, ಪರದೆಯ ಹಿಂದೆ ಅವರೇ ಅಳೆದುಕೊಳ್ಳುವಂತೆ ಹೇಳಿದೆವು. ಮೈ ಬಗ್ಗೆ ಸಂಕೋಚ ಇರುವವರನ್ನು ಬೇರೆಯವರು ಅಳೆಯುವುದು ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಹಾಲುಣಿಸಿ ಒಂದು ಗಂಟೆಯ ನಂತರ, ಎದೆ ತೀರಾ ತುಂಬಿಯೂ ಇಲ್ಲದ, ಬರಿದೂ ಅಲ್ಲದ ಹೊತ್ತಿನಲ್ಲಿ ಅಳೆಯಬೇಕು. ಎದೆಯ ಬುಡದಲ್ಲಿ ಟೇಪು ಸುತ್ತಲೂ ನೆಲಕ್ಕೆ ಸಮನಾಗಿರಲಿ. ಉಸಿರು ಬಿಟ್ಟು, ಟೇಪನ್ನು ಬಿಗಿಯಾಗಿ ಹಿಡಿದು ಓದಬೇಕು: ಇವರಿಗೆ 34 ಇಂಚು. ಆಮೇಲೆ ಎದೆಯ ಅತಿ ಉಬ್ಬಿದ ಭಾಗದಲ್ಲಿ, ಟೇಪು ಒತ್ತದಂತೆ, ಎರಡು ಸಲ: ನೇರ ನಿಂತಾಗ 39, ಮುಂದಕ್ಕೆ ಬಾಗಿದಾಗ 41. ಸರಾಸರಿ 40. ಬಾಗಿ ಅಳೆಯುವುದು ಏಕೆಂದರೆ ಜೋಲುವ ಎದೆಯ ಗಾತ್ರ ನಿಂತಾಗ ಪೂರ್ತಿ ಟೇಪಿಗೆ ಸಿಗುವುದಿಲ್ಲ.

ಎರಡು ಅಳತೆಗಳ ಅಂತರ 6 ಇಂಚು. ಪ್ರತಿ ಇಂಚಿಗೆ ಒಂದು ಕಪ್: ಎ, ಬಿ, ಸಿ, ಡಿ, ಡಿಡಿ, ಇ. ಅಂದರೆ 34ಇ. 'ಡಿ'ಯ ನಂತರ ಕಂಪನಿಗಳ ಅಕ್ಷರಗಳು ಹೊಂದಿಕೆಯಾಗುವುದಿಲ್ಲ, ಆದ್ದರಿಂದ ಕೊಳ್ಳುವ ಮುನ್ನ ಆ ಕಂಪನಿಯ ಅಳತೆ ಕೋಷ್ಟಕದಲ್ಲಿ ಇಂಚಿನ ಅಂತರವನ್ನೇ ನೋಡಬೇಕು.

ಹಾಗಾದರೆ 38ಬಿ ಬಂದದ್ದೆಲ್ಲಿಂದ? ಬುಡದ ಅಳತೆಗೆ 4 ಇಂಚು ಸೇರಿಸುವ ಹಳೆಯ ಲೆಕ್ಕದಿಂದ. 34ಕ್ಕೆ 4 ಸೇರಿ 38, 40ರಲ್ಲಿ 38 ಕಳೆದರೆ 2, ಅಂದರೆ ಬಿ. ಈ ಲೆಕ್ಕದಲ್ಲಿ ಕೆಳಪಟ್ಟಿ ಸಡಿಲ, ಕಪ್ ಕಿರಿದು. ಕಪ್ಪಿನ ಅಕ್ಷರ ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. 38ಬಿ, 36ಸಿ, 34ಡಿ ಮೂರರ ಕಪ್ಪೂ ಒಂದೇ ಗಾತ್ರ. ಎಂದರೆ ಇವರ ಕಪ್ಪು ಎರಡು ಹಂತ ಚಿಕ್ಕದಿತ್ತು. ಭಾರ ಹೊರಬೇಕಾದದ್ದು ಮುಖ್ಯವಾಗಿ ಕೆಳಪಟ್ಟಿ. ಅದು ಸಡಿಲವಾದರೆ ಹಿಂದೆ ಮೇಲೇರುತ್ತದೆ, ಮುಂದೆ ಎದೆ ಇಳಿಯುತ್ತದೆ, ಆಗ ಹೆಗಲಪಟ್ಟಿ ಎಳೆದು ಬಿಗಿ ಮಾಡುತ್ತೇವೆ. ನೋವಿನ ಮೂಲ ಅಲ್ಲಿತ್ತು. ಇದನ್ನು ಕೇಳಿದ ಮೇಲೆ ಅವರು ಬಹಳ ಹೊತ್ತು ಮಾತಾಡಲಿಲ್ಲ, ಆಮೇಲೆ "ಹಾಗಾದರೆ ನನ್ನ ತಪ್ಪಲ್ಲವಾ?" ಎಂದರು. ಅಲ್ಲ ಎಂದು ಸ್ಪಷ್ಟವಾಗಿ ಹೇಳಿದೆವು.

ಹಾಕಿ ನೋಡುವ ಕ್ರಮವನ್ನೂ ಕಲಿಸಿದೆವು. ಅತಿ ಸಡಿಲ ಹುಕ್ಕಿನಲ್ಲೇ ಕೆಳಪಟ್ಟಿ ಹಿತವಾಗಿ ಬಿಗಿ ಇರಬೇಕು, ಏಕೆಂದರೆ ಎಲಾಸ್ಟಿಕ್ ದಿನಕಳೆದಂತೆ ಜಗ್ಗುತ್ತದೆ. ಪಟ್ಟಿಯ ಕೆಳಗೆ ಎರಡು ಬೆರಳು ತೂರಿದರೆ ಸಾಕು. ಮುಂದಕ್ಕೆ ಬಾಗಿ, ಕಂಕುಳ ಕಡೆಯಿಂದ ಎದೆಯನ್ನು ಕೈಯಲ್ಲಿ ಕಪ್ಪಿನೊಳಕ್ಕೆ ತಂದುಕೊಳ್ಳಬೇಕು. ಇದನ್ನು ಮಾಡದೆ ನೋಡಿದರೆ ಚಿಕ್ಕ ಕಪ್ಪೂ ಸರಿಯಾಗಿದೆ ಅನಿಸುತ್ತದೆ. ಮೇಲಂಚಿನಲ್ಲಿ ಉಬ್ಬಿದರೆ ಕಪ್ ಸಾಲದು, ಸುಕ್ಕಾದರೆ ಹೆಚ್ಚಾಯಿತು. ಕೆಳಪಟ್ಟಿ ಮಾತ್ರ ಒತ್ತುತ್ತಿದ್ದರೆ 36ಡಿಡಿ ನೋಡಬಹುದು, ಕಪ್ ಅದೇ. ಎರಡು ಎದೆ ಸಮನಾಗಿಲ್ಲ ಎಂಬ ಅವರ ಕಳವಳಕ್ಕೆ ಉತ್ತರ: ಅದು ಸಹಜ; ದೊಡ್ಡದಕ್ಕೆ ಹೊಂದುವ ಕಪ್ ತೆಗೆದುಕೊಳ್ಳಬೇಕು.

ಹಾಲುಣಿಸುವ ಕಾಲಕ್ಕೆ ತಂತಿಯಿಲ್ಲದ, ಒಂದೇ ಕೈಯಲ್ಲಿ ಕಪ್ ಬಿಚ್ಚಬಹುದಾದ ಮೂರು ಬ್ರಾ ಸೂಚಿಸಿದೆವು: ಮೈಮೇಲೆ ಒಂದು, ಒಗೆಯಲು ಒಂದು, ಒಣಗಲು ಒಂದು. ಹಾಲು ಹೀರುವ ಪ್ಯಾಡ್ ಇಟ್ಟುಕೊಂಡೇ ಹಾಕಿ ನೋಡಬೇಕು, ಅದಕ್ಕೂ ಜಾಗ ಬೇಕು. ಕಪ್ ಬಿಚ್ಚಿದಾಗ ಉಳಿಯುವ ಬಟ್ಟೆಯ ಚೌಕಟ್ಟು ಎದೆಯನ್ನು ಬದಿಯಿಂದ ಒತ್ತಬಾರದು. ಒಂದೇ ಕಡೆ ಒತ್ತಿದರೆ ಹಾಲು ಕಟ್ಟಿಕೊಂಡು ಗಂಟಾಗಬಹುದು. ಗಂಟಿನ ಜೊತೆ ಕೆಂಪು, ಜ್ವರ, ಚಳಿ ಬಂದರೆ ಅದೇ ದಿನ ವೈದ್ಯರನ್ನು ಕಾಣಬೇಕು. ಹಾಲುಣಿಸುವುದನ್ನು ತಾವಾಗಿ ನಿಲ್ಲಿಸಬಾರದು.

ಅವರಿಗೆ ಎರಡು ಭಯಗಳಿದ್ದವು. ಬ್ರಾ ಹಾಕಿದರೆ ಕ್ಯಾನ್ಸರ್ ಬರುತ್ತದೆಯೇ? ಇಲ್ಲ. 2014ರಲ್ಲಿ ಪ್ರಕಟವಾದ ಸಿಯಾಟಲ್‌ನ ಅಧ್ಯಯನ ಋತುಬಂಧದ ನಂತರದ ಮಹಿಳೆಯರಲ್ಲಿ ಇದನ್ನೇ ಪರಿಶೀಲಿಸಿತು, ಸಂಬಂಧ ಕಾಣಲಿಲ್ಲ. ಹಾಲುಣಿಸಿದರೆ ಎದೆ ಜೋಲುತ್ತದೆಯೇ? ಬದಲಾವಣೆಗೆ ಕಾರಣ ಗರ್ಭಧಾರಣೆ, ವಯಸ್ಸು, ಮೈತೂಕ, ಧೂಮಪಾನ. ಹಾಲುಣಿಸುವುದಲ್ಲ. ಬ್ರಾ ಹಿತ ಕೊಡುತ್ತದೆ, ವಯಸ್ಸನ್ನು ತಡೆಯುವುದಿಲ್ಲ. ಮಲಗುವಾಗ ಹಾಕುವುದೂ ಬಿಡುವುದೂ ಅವರಿಷ್ಟ.

ಮುಂದೆ ಓಡಲು ಶುರುಮಾಡುವ ಆಸೆ ಹೇಳಿದರು. ಇವರ ಗಾತ್ರಕ್ಕೆ ಎದೆಯನ್ನು ಒತ್ತಿಹಿಡಿಯುವ ಬ್ರಾ ಮಾತ್ರ ಸಾಲದು. ಎರಡೂ ಕಪ್ ಬೇರೆಬೇರೆ ಇರುವ, ಅಗಲ ಪಟ್ಟಿಯ ಕ್ರೀಡಾ ಬ್ರಾ ಬೇಕು. ಅಂಗಡಿಯಲ್ಲೇ ಹತ್ತು ಸಲ ಜಿಗಿದು ನೋಡಬೇಕು. ಓಡುವ ಮುನ್ನ ಮಗುವಿಗೆ ಹಾಲುಣಿಸಿದರೆ ಭಾರ ಕಡಿಮೆ.

ಅವರ ಅಕ್ಕ ಗರ್ಭಿಣಿ, ಐದನೇ ತಿಂಗಳು. ಅವರಿಗೆ ಲೆಕ್ಕ ಉಲ್ಟಾ: ಪಕ್ಕೆಲುಬು ಇನ್ನೂ ಅಗಲವಾಗುವುದರಿಂದ ಅತಿ ಬಿಗಿ ಹುಕ್ಕಿನಲ್ಲಿ ಸರಿಹೊಂದುವುದನ್ನು ಕೊಂಡು, ಬೇಕಾದಂತೆ ಸಡಿಲಿಸುತ್ತ ಹೋಗಬೇಕು. ಅತ್ತೆಯವರಿಗೆ ಸ್ತನ ತೆಗೆದ ಶಸ್ತ್ರಚಿಕಿತ್ಸೆಯಾಗಿತ್ತು. ಗಾಯ ಪೂರ್ತಿ ಮಾಗಿ ಶಸ್ತ್ರವೈದ್ಯರು ಒಪ್ಪುವವರೆಗೆ ಮುಂದೆ ಹುಕ್ಕಿರುವ ಮೃದು ಬ್ರಾ, ಆಮೇಲೆ ಕೃತಕ ಸ್ತನ ಇಡಲು ಒಳಜೇಬಿರುವುದು.

ಯಾವ ವಯಸ್ಸಿನಲ್ಲೇ ಆಗಲಿ, ಹೋಗದ ಗಂಟು, ಒಳಸರಿದ ತೊಟ್ಟು, ರಕ್ತದ ಸ್ರಾವ, ಚರ್ಮದಲ್ಲಿ ಗುಳಿ ಕಂಡರೆ ಅದು ಬ್ರಾ ಬದಲಿಸುವ ವಿಷಯವಲ್ಲ, ವೈದ್ಯರ ಪರೀಕ್ಷೆಯ ವಿಷಯ ಎಂದು ಎಲ್ಲರಿಗೂ ಹೇಳಿ ಕಳಿಸಿದೆವು.

ಮುಂದಿನ ಭೇಟಿಗೆ ಬಂದಾಗ ಕತ್ತಿನ ನೋವು ತಗ್ಗಿತ್ತು, ಬೆನ್ನಿನ ಪಟ್ಟಿ ಇದ್ದಲ್ಲೇ ಇತ್ತು. ಕನ್ನಡಿಯ ಬೇಸರ ಇನ್ನೂ ಉಳಿದಿದೆ. ಅದರ ಮಾತುಕತೆ ಮುಂದುವರಿಯುತ್ತದೆ. ಮಗು ಹಾಲು ಬಿಟ್ಟು ಎರಡು ತಿಂಗಳಾದ ಮೇಲೆ ಮತ್ತೆ ಅಳೆದುಕೊಳ್ಳಲು, ಅಲ್ಲಿಯವರೆಗೆ ಹೆಚ್ಚು ಬೆಲೆಯ ಬ್ರಾ ಕೊಳ್ಳದಿರಲು ಸೂಚಿಸಿದ್ದೇವೆ.